ವೆಲ್ಡಿಂಗ್ ತಂತಿಯಿಂದ ಬೆಳೆದ ಕ್ರೇನ್ ಕೊಕ್ಕೆ

2018ರ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ಹ್ಯೂಸ್‌ಮನ್ ಸಂಸ್ಥೆಯು ಒಂದು ಕ್ರೇನ್ ಕೊಕ್ಕೆಗೆ 80 ಟನ್ ಭಾರ ಹೇರಿ ಪರೀಕ್ಷಿಸಿತು. ಕೊಕ್ಕೆಯು ಭಾರವನ್ನು ತಾಳಿತು. ಸಮುದ್ರದ ಮೇಲಿನ ಭಾರೀ ಕ್ರೇನುಗಳನ್ನು ತಯಾರಿಸುವವರಿಗೆ ಇಂತಹ ಪರೀಕ್ಷೆ ಹೊಸದೇನಲ್ಲ. ಆದರೆ ಈ ಕೊಕ್ಕೆಯನ್ನು ಎರಕ ಹೊಯ್ದಿರಲಿಲ್ಲ, ಫೋರ್ಜಿಂಗ್ ಮಾಡಿರಲಿಲ್ಲ. ಅಧಿಕ ಸಾಮರ್ಥ್ಯದ ಉಕ್ಕಿನ ತಂತಿಯನ್ನು ಆರ್ಕ್ ವೆಲ್ಡಿಂಗ್‌ನಿಂದ ಕರಗಿಸಿ, ಪದರದ ಮೇಲೆ ಪದರವಿಟ್ಟು ಬೆಳೆಸಲಾಗಿತ್ತು.

ವಿಚಾರ ಹಳೆಯದು. ಆರ್ಕ್‌ನಿಂದ ಲೋಹ ಪೇರಿಸಿ ವಸ್ತು ನಿರ್ಮಿಸುವ ವಿಧಾನಕ್ಕೆ ರಾಲ್ಫ್ ಬೇಕರ್ ಎಂಬವರು 1925ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಸಲಕರಣೆಗಳೂ ನಮ್ಮ ಉದ್ದಿಮೆದಾರರಿಗೆ ಅಪರಿಚಿತವಲ್ಲ: ಮಿಗ್ ವೆಲ್ಡಿಂಗ್ ಯಂತ್ರ, ಅದರ ಟಾರ್ಚನ್ನು ನಡೆಸುವ ರೋಬಾಟ್ ತೋಳು, ಪಥ ನಿರ್ಧರಿಸುವ ತಂತ್ರಾಂಶ. ಲೋಹದ ಪುಡಿಯನ್ನು ಲೇಸರ್‌ನಿಂದ ಕರಗಿಸುವ ಯಂತ್ರಗಳು ಗಂಟೆಗೆ ಗ್ರಾಂ ಲೆಕ್ಕದಲ್ಲಿ ಲೋಹ ಕೂಡಿಸಿದರೆ, ಆರ್ಕ್ ಕಿಲೋ ಲೆಕ್ಕದಲ್ಲಿ ಕೂಡಿಸುತ್ತದೆ.

ತೊಡಕಿರುವುದು ಶಾಖದಲ್ಲಿ. ಕೆಳಗಿನ ಪದರಗಳ ಶಾಖವನ್ನು ತಳದ ದಪ್ಪ ತಗಡು ಬೇಗನೆ ಹೀರಿಕೊಳ್ಳುತ್ತದೆ. ಗೋಡೆ ಎತ್ತರವಾದಂತೆ ಶಾಖ ಹೊರಹೋಗಲು ದಾರಿ ಕಿರಿದಾಗಿ, ಮೇಲಿನ ಪದರಗಳು ನಿಧಾನವಾಗಿ ತಣಿಯುತ್ತವೆ. ಅಧಿಕ ಸಾಮರ್ಥ್ಯದ ಉಕ್ಕಿನ ಗುಣ ನಿಂತಿರುವುದೇ ತಣಿಯುವ ವೇಗದ ಮೇಲೆ. ತೀರಾ ನಿಧಾನವಾದರೆ ಉಕ್ಕು ಮೆದುವಾಗುತ್ತದೆ. ತೀರಾ ಬೇಗನಾದರೆ ಗಡುಸಾಗಿ, ತೇವಾಂಶದಿಂದ ಬಂದ ಹೈಡ್ರೋಜನ್ ಸೇರಿದಲ್ಲಿ ಬಿರುಕು ಬಿಡುತ್ತದೆ. ಒಂದೇ ತಂತಿ, ಒಂದೇ ಯಂತ್ರ. ಆದರೂ ಬುಡಕ್ಕೂ ತುದಿಗೂ ಬಲ ಬೇರೆ! ಆದ್ದರಿಂದ ಪ್ರತಿ ಪದರಕ್ಕೆ ಮುನ್ನ ಹಿಂದಿನ ಪದರದ ಉಷ್ಣತೆಯನ್ನು ಅಳೆದು, ಅದು ನಿಗದಿತ ಮಟ್ಟಕ್ಕೆ ಇಳಿಯುವವರೆಗೆ ಕಾಯಬೇಕು. ಗಂಟೆಗೆ ಇಷ್ಟು ಕಿಲೋ ಎಂದು ಯಂತ್ರ ಮಾರುವವರು ಹೇಳುವ ಲೆಕ್ಕದಲ್ಲಿ ಈ ಕಾಯುವಿಕೆ ಸೇರಿರುವುದು ಅಪರೂಪ. ದರಪಟ್ಟಿ ಸಿದ್ಧಪಡಿಸುವವರು ಅದನ್ನು ಮರೆತರೆ ನಷ್ಟ ಖಚಿತ.

ಮೇಲ್ಮೈ ಅಲೆಯಲೆಯಾಗಿರುವುದರಿಂದ, ಕೂಡುವ ಭಾಗಗಳಿಗೆಲ್ಲ ಮಷೀನಿಂಗ್ ಅನಿವಾರ್ಯ. ಒಳಒತ್ತಡ ನಿವಾರಿಸುವ ಶಾಖೋಪಚಾರ, ಅಲ್ಟ್ರಾಸಾನಿಕ್ ತಪಾಸಣೆಗಳ ವೆಚ್ಚ ಬೇರೆ. ನೂರಾರು ಸಣ್ಣ ಭಾಗಗಳಿಗೆ ಫೌಂಡ್ರಿಯೇ ಲೇಸು. ಪ್ಯಾಟರ್ನ್ ಅಥವಾ ಡೈ ಮಾಡಿಸಲು ತಿಂಗಳುಗಟ್ಟಲೆ ಕಾಯಬೇಕಾದ, ಒಂದೆರಡೇ ಬೇಕಾದ ದೊಡ್ಡ ಬಿಡಿಭಾಗಗಳಿಗೆ ಮಾತ್ರ ಈ ವಿಧಾನವನ್ನು ಪರಿಗಣಿಸಬಹುದು.

ಆಗಲೂ ತಂತಿಯ ಡಬ್ಬಿಯ ಮೇಲೆ ಮುದ್ರಿತವಾದ ಬಲವನ್ನು ಗ್ರಾಹಕರಿಗೆ ಭರವಸೆಯಾಗಿ ಕೊಡುವಂತಿಲ್ಲ. ಅದೇ ಕ್ರಮದಲ್ಲಿ ಬೆಳೆಸಿದ ಗೋಡೆಯ ಬುಡ, ನಡು, ತುದಿಗಳಿಂದ, ಅಡ್ಡಲಾಗಿಯೂ ಲಂಬವಾಗಿಯೂ ತುಂಡು ಕತ್ತರಿಸಿ ಎಳೆದು ನೋಡಬೇಕು; ಅವುಗಳಲ್ಲಿ ಅತಿ ಕಡಿಮೆ ಬಂದ ಅಂಕಿಯನ್ನೇ ಬರೆದುಕೊಡಬೇಕು.