ತೈಲದ ಗೊಡವೆ ಬಿಟ್ಟ ಮಲ್ಪೆಯ ಹಡಗುಕಟ್ಟೆ

ಭಾಲ್ಕಿ, ಔರಾದ್ ಸೀಮೆಯ ಹೊಲಗಳ ಮಣ್ಣು ತೊಳೆದುಕೊಂಡು ಹೋಗುವ ಮಾಂಜ್ರಾ ನದಿ ತೆಲಂಗಾಣಕ್ಕಿಳಿದು ಕಂದಕುರ್ತಿಯಲ್ಲಿ ಗೋದಾವರಿಯನ್ನು ಸೇರುತ್ತದೆ. ಗೋದಾವರಿ, ಕೃಷ್ಣೆಯರು ಕೋಟ್ಯಂತರ ವರ್ಷ ಹೊತ್ತು ತಂದು ಬಂಗಾಳಕೊಲ್ಲಿಗೆ ಸುರಿದ ಹೂಳಿನ ಪದರಗಳ ನಡುವೆಯೇ ಕೃಷ್ಣಾ-ಗೋದಾವರಿ (ಕೆಜಿ) ಬೇಸಿನ್ನಿನ ತೈಲ ಮತ್ತು ಅನಿಲ ಇರುವುದು. ಕಾಕಿನಾಡದಾಚೆಯ ಆಳಸಮುದ್ರದಲ್ಲಿ ಒಎನ್‌ಜಿಸಿಯ 98/2 ಬ್ಲಾಕಿನಿಂದ ಮೊದಲ ತೈಲ ಬಂದದ್ದು 2024ರ ಜನವರಿ 7ರಂದು. ಇತ್ತ ಭಾಲ್ಕಿಯಲ್ಲಿ ಮುಂಬೈ ರೈಲು ಹತ್ತಿದರೆ, ಅದು ನಿಲ್ಲುವ ಊರಿನಿಂದ ಪಶ್ಚಿಮಕ್ಕೆ ಇನ್ನೂ 160 ಕಿ.ಮೀ. ನೀರ ದಾರಿಯಲ್ಲಿ ಬಾಂಬೆ ಹೈ. ದೇಶದ ಎರಡು ದೊಡ್ಡ ಕಡಲ ತೈಲಕ್ಷೇತ್ರಗಳ ನಡುವೆ ಕೂತಿದೆ ನಮ್ಮ ಬೀದರ್ ಜಿಲ್ಲೆ. ಕಡಲಿಗೂ ನಮಗೂ ಏನು ಸಂಬಂಧ ಎನ್ನುವಂತೆಯೂ ಇಲ್ಲ. ದಾಭೋಳದಲ್ಲಿ ಹಡಗಿಳಿದು ಬೀದರಿಗೆ ಬಂದ ಮಹಮೂದ್ ಗವಾನನೇ 1472ರಲ್ಲಿ ಗೋವಾ ಬಂದರನ್ನು ಬಹಮನಿ ರಾಜ್ಯಕ್ಕೆ ಗೆದ್ದುಕೊಟ್ಟವನು.

ಕಡಲ ನಡುವೆ ನಿಂತು ತೈಲ ಕೊರೆಯುವ ರಿಗ್ಗಿನ ಚಿತ್ರ ಎಲ್ಲರೂ ನೋಡಿದ್ದೇವೆ. ಅದಕ್ಕೆ ಅನ್ನ, ನೀರು, ಡೀಸೆಲ್, ಸಿಮೆಂಟು, ಕೊಳವೆ ತಲುಪಿಸುವ ಹಡಗನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಲೂಸಿಯಾನಾ ತೀರದಲ್ಲಿ ಟೈಡ್‌ವಾಟರ್ ಕಂಪನಿಯವರು 'ಎಬ್ ಟೈಡ್' ಎಂಬ ಹಡಗು ಕಟ್ಟಿಸಿದಾಗ ಈ ಜಾತಿಗೊಂದು ರೂಪ ಬಂತು. ಚಾಲಕನ ಕೋಣೆ ಮೂತಿಯ ಹತ್ತಿರ, ಹಿಂದೆ ಉದ್ದಕ್ಕೂ ಬೋಳು ಡೆಕ್. ಇಂದಿಗೂ ಅದೇ ರೂಪ. ಸಾಮಾನು ಸಾಗಿಸುವುದು ಒಂದು ಬಗೆ. ರಿಗ್ಗಿನ ಲಂಗರು ಕಿತ್ತು, ರಿಗ್ಗನ್ನೇ ಎಳೆದೊಯ್ದು ಹೊಸ ಜಾಗದಲ್ಲಿ ಮತ್ತೆ ಲಂಗರು ಹಾಕುವ 'ಆ್ಯಂಕರ್ ಹ್ಯಾಂಡ್ಲರ್' ಇನ್ನೊಂದು.

ಈ ಕೆಲಸದ ಅಪಾಯಕ್ಕೆ 2005ರ ಜುಲೈ 27 ಸಾಕ್ಷಿ. ಬಾಂಬೆ ಹೈನ ಕೆಲಸದಲ್ಲಿದ್ದ 'ಸಮುದ್ರ ಸುರಕ್ಷಾ' ಎಂಬ ಹಡಗಿನ ಅಡುಗೆಯವನೊಬ್ಬನ ಬೆರಳಿಗೆ ಪೆಟ್ಟಾಯಿತು. ಮಳೆಗಾಲ, ಹೆಲಿಕಾಪ್ಟರ್ ಏಳುವಂತಿರಲಿಲ್ಲ. ಅವನನ್ನು ದಾಟಿಸಲು ತೈಲ ತೆಗೆಯುವ ಪ್ಲಾಟ್‌ಫಾರಂ ಹತ್ತಿರ ಹೋದ ಹಡಗು ಅಲೆಗೆ ಸಿಕ್ಕು ಅನಿಲದ ಕೊಳವೆಗೆ ಬಡಿಯಿತು. ಇಡೀ ಪ್ಲಾಟ್‌ಫಾರಂ ಸುಟ್ಟು ಕಡಲ ಪಾಲಾಯಿತು, 22 ಜನ ಹೋದರು.

ಬಾಂಬೆ ಹೈನಲ್ಲಿ 'ಸಾಗರ್ ಸಮ್ರಾಟ್' ರಿಗ್ 1974ರಲ್ಲಿ ತೈಲ ಕಂಡಾಗ ಇಂಥ ಹಡಗು ನಾವು ಕಟ್ಟುತ್ತಿರಲಿಲ್ಲ. ನಮ್ಮ ಖಾಸಗಿ ಯಾರ್ಡುಗಳಿಗೆ ನಿಜವಾದ ಹುರುಪು ಬಂದದ್ದು 2002ರ ನಂತರ. ಕೇಂದ್ರ ಸರ್ಕಾರ ಹಡಗು ನಿರ್ಮಾಣಕ್ಕೆ ಶೇ 30ರ ಸಬ್ಸಿಡಿಯನ್ನು ಖಾಸಗಿಯವರಿಗೂ ವಿಸ್ತರಿಸಿತ್ತು, ಕಚ್ಚಾ ತೈಲದ ದರವೂ ಏರುತ್ತಲೇ ಇತ್ತು. ಕರ್ನಾಟಕದ ಕರಾವಳಿಯಲ್ಲಿ ಎರಡು ಕಡೆ ವೆಲ್ಡಿಂಗ್ ಕಿಡಿ ಹಾರತೊಡಗಿತು: ಮಂಗಳೂರಿನ ತಣ್ಣೀರುಬಾವಿಯಲ್ಲಿ ಭಾರತಿ ಶಿಪ್‌ಯಾರ್ಡ್, ಮೀನು ಬಂದರು ಮಲ್ಪೆಯಲ್ಲಿ ಚೆನ್ನೈ ಮೂಲದ ಟೆಬ್ಮಾ. 2007ರ ಆಗಸ್ಟಿನಲ್ಲಿ ಸಬ್ಸಿಡಿಯ ಅವಧಿ ಮುಗಿಯಿತು. 2008ರ ಜುಲೈನಲ್ಲಿ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿ, ವರ್ಷ ಮುಗಿಯುವಷ್ಟರಲ್ಲಿ ಜಾರಿ ಬಿತ್ತು.

ಆಗಲಾದರೂ ಕೈ ಬಿಗಿ ಹಿಡಿಯಬೇಕಿತ್ತು. ಆದದ್ದು ಉಲ್ಟಾ. ಇಂಥ ಹಡಗುಗಳ ಒಡೆಯನಾಗಿದ್ದ ಗ್ರೇಟ್ ಆಫ್‌ಶೋರ್ ಕಂಪನಿಗಾಗಿ 2009ರಲ್ಲಿ ಭಾರತಿ ಮತ್ತು ಎಬಿಜಿ ಶಿಪ್‌ಯಾರ್ಡ್‌ಗಳು ಒಂದರ ಮೇಲೊಂದು ಹರಾಜು ಕೂಗಿದವು. ಗೆದ್ದದ್ದು ಭಾರತಿ. ಟೆಬ್ಮಾದ ಬಹುಪಾಲು ಷೇರೂ ಅದೇ ಕೈಗೆ ಬಂತು. ಹೀಗೆ ನಮ್ಮ ಎರಡೂ ಯಾರ್ಡುಗಳು ಒಂದೇ ಸಾಲದ ಹೊರೆಯ ಕೆಳಗೆ ಸೇರಿಕೊಂಡವು.

2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋದಾಗ ಬೀದರ್, ಕಲಬುರಗಿ ರೈತರು ಮರುವರ್ಷ ಹೊಲದ ತುಂಬ ತೊಗರಿ ಬಿತ್ತಿದ್ದು, ರಾಶಿ ಮುಗಿಯುವ ಹೊತ್ತಿಗೆ ದರ ಬೆಂಬಲ ಬೆಲೆಗಿಂತ ಕೆಳಗಿಳಿದಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಹಡಗಿನದೂ ಅದೇ ಲೆಕ್ಕ, ಆದರೆ ಬೆಳೆ ಕೈಗೆ ಬರಲು ಎರಡು ಮೂರು ವರ್ಷ ಬೇಕು. ದರ ಏರಿದಾಗ ಆರ್ಡರ್, ದರ ಬಿದ್ದಾಗ ಹಡಗು ನೀರಿಗೆ. 2014ರ ಮಧ್ಯದಲ್ಲಿ 115 ಡಾಲರ್ ಇದ್ದ ತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಂತು. ಜಗತ್ತಿನಾದ್ಯಂತ ದಿನಬಾಡಿಗೆ ಕುಸಿದು ನೂರಾರು ಹಡಗು ಲಂಗರು ಹಾಕಿ ಸುಮ್ಮನೆ ನಿಂತವು. 'ಎಬ್ ಟೈಡ್' ಕಟ್ಟಿಸಿದ ಟೈಡ್‌ವಾಟರ್ ಕೂಡ 2017ರಲ್ಲಿ ದಿವಾಳಿ ಕಾಯ್ದೆಯ ಮೊರೆ ಹೋಯಿತು. 2019ರಲ್ಲಿ ಭಾರತಿಗೆ ಬರಖಾಸ್ತಿನ ಆದೇಶ, ಎಬಿಜಿಗೂ ಅದೇ ಗತಿ.

ಮಲ್ಪೆಯ ಯಾರ್ಡು ಮಾತ್ರ ಉಳಿಯಿತು. ದಿವಾಳಿ ಪ್ರಕ್ರಿಯೆಯಲ್ಲಿ ಸರ್ಕಾರಿ ಸ್ವಾಮ್ಯದ ಕೊಚ್ಚಿನ್ ಶಿಪ್‌ಯಾರ್ಡ್ ಮುಂದೆ ಬಂದು, 2020ರ ಸೆಪ್ಟೆಂಬರಿನಲ್ಲಿ ಅದನ್ನು ತನ್ನದಾಗಿಸಿಕೊಂಡಿತು. ಅಮೆರಿಕದ ಕಚ್ಚಾ ತೈಲದ ದರ ಸೊನ್ನೆಗಿಂತಲೂ ಕೆಳಗಿಳಿದಿದ್ದ ವರ್ಷ ಅದು. 2022ರಲ್ಲಿ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದಾಯಿತು.

ತಮಾಷೆಯೆಂದರೆ ಅದೇ ವರ್ಷ ಮಾರುಕಟ್ಟೆ ಮಗ್ಗುಲು ಬದಲಿಸಿತು. ಉಕ್ರೇನ್ ಯುದ್ಧದಿಂದ ತೈಲ ದುಬಾರಿಯಾಯಿತು, ಏಳೆಂಟು ವರ್ಷ ಬಹುತೇಕ ಯಾರೂ ಹೊಸ ಹಡಗು ಕಟ್ಟಿಸಿರಲಿಲ್ಲ, ಬಾಡಿಗೆ ಜಿಗಿಯಿತು. ಹಾಗಿದ್ದರೂ ಆರ್ಡರಿನ ಸುರಿಮಳೆ ಆಗಲಿಲ್ಲ. ಚೇತರಿಸಿಕೊಂಡ ಟೈಡ್‌ವಾಟರ್ 2022ರಲ್ಲಿ ಸ್ವೈರ್ ಕಂಪನಿಯ ತೈಲ ಸೇವಾ ಹಡಗುಗಳನ್ನೂ 2023ರಲ್ಲಿ ನಾರ್ವೆಯ ಸೋಲ್‌ಸ್ಟಾಡ್‌ನ 37 ಹಡಗುಗಳನ್ನೂ ಕೊಂಡಿತೇ ಹೊರತು ಹೊಸತು ಕಟ್ಟಿಸಲು ಓಡಲಿಲ್ಲ. ಹೊಸ ಹಡಗಿಗೆ ಸಾಲ ಕೊಡಬೇಕಾದ ಬ್ಯಾಂಕುಗಳು 2016 ಅನ್ನು ಇನ್ನೂ ಮರೆತಿಲ್ಲ.

ಮಲ್ಪೆಯವರೂ ಬಾಡಿಗೆಯ ಏರಿಕೆಯ ಬೆನ್ನು ಹತ್ತಲಿಲ್ಲ. ಅದು ಜಾಣತನವೇ ಎಂಬುದು ನನ್ನ ಎಣಿಕೆ. ಓಷನ್ ಸ್ಪಾರ್ಕಲ್ ಕಂಪನಿಗೆ 62 ಟನ್ ಎಳೆಬಲದ ಟಗ್‌ಗಳನ್ನು ಕಟ್ಟಿಕೊಟ್ಟರು. ಬಂದರಿಗೆ ಬರುವ ದೊಡ್ಡ ಹಡಗನ್ನು ಒತ್ತಿ, ಎಳೆದು ಕಟ್ಟೆಗೆ ನಿಲ್ಲಿಸುವ ಟಗ್‌ಗೆ ತೈಲದ ದರ ಏನಾದರೂ ಕೆಲಸ ತಪ್ಪದು. ನಾರ್ವೆಯ ವಿಲ್ಸನ್ ಕಂಪನಿ 2023ರಲ್ಲಿ 3,800 ಟನ್ನಿನ ಆರು ಸರಕು ಹಡಗು ಕೇಳಿತು, ಮರುವರ್ಷ 6,300 ಟನ್ನಿನ ಎಂಟು. ಈ ಎರಡನೆಯದೇ ಸುಮಾರು 1,100 ಕೋಟಿ ರೂಪಾಯಿಯ ಕೆಲಸ. ಆ್ಯಂಕರ್ ಹ್ಯಾಂಡ್ಲರ್ ಕಟ್ಟುವ ಕಸುಬು ವ್ಯರ್ಥವಾಗಿಲ್ಲ, ಬೇರೆಡೆ ಬೆಲೆ ಪಡೆದಿದೆ: ತಾಯಿ ಯಾರ್ಡ್ ಕೊಚ್ಚಿ ಈಗ ಯುರೋಪಿನ ಕಡಲ ಗಾಳಿಯಂತ್ರಗಳಿಗೆ ತಂತ್ರಜ್ಞರನ್ನು ಒಯ್ಯುವ ಹಡಗುಗಳ ಆರ್ಡರ್ ಪಡೆದಿದೆ.

ಹಾಗೆಂದು 98/2 ಬ್ಲಾಕಿಗೆ, ಬಾಂಬೆ ಹೈಗೆ ಹಡಗು ಬೇಡವೆಂದಲ್ಲ. ಅಲ್ಲಿ ಓಡುತ್ತಿರುವವುಗಳಲ್ಲಿ ಎಷ್ಟೋ ಹಳೆಯವು. ಆದರೆ ಒಎನ್‌ಜಿಸಿ ಹಡಗನ್ನು ಬಾಡಿಗೆಗೆ ಹಿಡಿಯುವುದು ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ, ಟೆಂಡರಿನ ಮೂಲಕ. ಹಡಗಿನ ಆಯುಷ್ಯ ಇಪ್ಪತ್ತೈದು ವರ್ಷ. ಉಳಿದ ಇಪ್ಪತ್ತು ವರ್ಷದ ಬಾಡಿಗೆಗೆ ಯಾರು ಹೊಣೆ ಎಂದು ಹಡಗಿನ ಮಾಲೀಕ ಕೇಳುತ್ತಾನೆ. ಉತ್ತರ ಸಿಗುವವರೆಗೆ ಮಲ್ಪೆಗೆ ಅವನ ಆರ್ಡರ್ ಬರುವುದಿಲ್ಲ.