ಗಣಿತದ ಮಾತು

ಪ್ರತಿಯೊಂದು ವಿದ್ಯೆಗೂ ಅದರದೇ ಆದ ಮಾತುಗಳಿವೆ. ನೇಕಾರನು ಹಾಸು, ಹೊಕ್ಕು ಎನ್ನುತ್ತಾನೆ. ರೈತನು ನೊಗ, ಮೇಳಿ ಎನ್ನುತ್ತಾನೆ. ಗಾಯಕನು ಶ್ರುತಿ, ಲಯ ಎನ್ನುತ್ತಾನೆ. ಆ ಮಾತುಗಳನ್ನು ಅರಿಯದವನು ಆ ವಿದ್ಯೆಯ ಹೊಸ್ತಿಲನ್ನು ದಾಟಲಾರನು. ಗಣಿತವೂ ಇದಕ್ಕೆ ಹೊರತಲ್ಲ. ಕೂಡುವುದರಲ್ಲಿ, ಕಳೆಯುವುದರಲ್ಲಿ ತಪ್ಪದ ವಿದ್ಯಾರ್ಥಿಯೂ ಪ್ರೌಢಶಾಲೆಗೆ ಬಂದೊಡನೆ ಗಣಿತಕ್ಕೆ ಅಂಜುವುದುಂಟು. ಅವನನ್ನು ಎಡವಿಸುವುದು ಎಷ್ಟೋ ವೇಳೆ ಲೆಕ್ಕವಲ್ಲ, ಮಾತು. ಅರ್ಥವರಿಯದೆ ಬಾಯಿಪಾಠ ಮಾಡಿದ ಮಾತು ಪರೀಕ್ಷೆಯ ದಿನ ಕೈಕೊಡುತ್ತದೆ. ಅರ್ಥವರಿತ ಮಾತು ಬಾಳಿನುದ್ದಕ್ಕೂ ಜೊತೆಗಿರುತ್ತದೆ.

ರೇಖಾಗಣಿತದ ಮಾತುಗಳನ್ನು ಮೊದಲು ನೋಡಬಹುದು. ವೃತ್ತದ ಪರಿಧಿಯ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಸರಳರೇಖೆಗೆ 'ಜ್ಯಾ' ಎಂದು ಹೆಸರು. ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಬಾಗಿದ ಭಾಗವು ಬಿಲ್ಲಿನಂತೆ ಕಾಣುತ್ತದೆ. ಅದರ ಎರಡು ತುದಿಗಳಿಗೆ ಬಿಗಿದ ರೇಖೆಯು ಹೆದೆಯಂತೆ ಕಾಣುತ್ತದೆ. ಆದುದರಿಂದಲೇ ಪ್ರಾಚೀನರು ಬಾಗಿದ ಭಾಗವನ್ನು ಚಾಪವೆಂದೂ, ಹೆದೆಯ ನಡುವಿನಿಂದ ಬಿಲ್ಲಿನವರೆಗಿನ ದೂರವನ್ನು ಶರವೆಂದೂ ಕರೆದರು. ಇಂದಿನ ಪಠ್ಯಗಳಲ್ಲಿ ಚಾಪಕ್ಕೆ ಕಂಸವೆಂಬ ಹೆಸರಿದೆ. ವೃತ್ತದ ಕೇಂದ್ರದಿಂದ ಪರಿಧಿಗಿರುವ ದೂರವೇ 'ತ್ರಿಜ್ಯ'. ಈ ಮಾತಿನಲ್ಲಿ 'ಮೂರು' ಏಕೆ ಬಂದಿತು? ಒಂದು ರಾಶಿಗೆ 30 ಅಂಶಗಳಂತೆ ಮೂರು ರಾಶಿಗಳಿಗೆ 90 ಅಂಶಗಳು. ಅಷ್ಟು ಕೋನಕ್ಕೆ ಸಲ್ಲುವ ಅರ್ಧಜ್ಯಾ ಕೇಂದ್ರದಿಂದ ಪರಿಧಿಗಿರುವ ದೂರಕ್ಕೆ ಸಮನಾಗಿರುತ್ತದೆ. ಖಗೋಳವನ್ನು ಅಳೆದವರ ಅನುಭವವು ಹೀಗೆ ಒಂದು ಪುಟ್ಟ ಶಬ್ದದಲ್ಲಿ ಅಡಗಿದೆ.

ಆರ್ಯಭಟನು 499ರಲ್ಲಿ ರಚಿಸಿದ 'ಆರ್ಯಭಟೀಯ'ದಲ್ಲಿ ಅರ್ಧಜ್ಯಾಗಳ ಲೆಕ್ಕವಿದೆ. ಈ ವಿದ್ಯೆಯು ಅರಬ್ಬರಿಗೆ ತಲುಪಿದಾಗ ಜ್ಯಾ ಅಥವಾ ಜೀವಾ ಎಂಬ ಮಾತು 'ಜೀಬ' ಎಂದಾಯಿತು. ಸ್ವರಚಿಹ್ನೆಗಳಿಲ್ಲದೆ ಬರೆದ ಅದನ್ನು ಮುಂದಿನವರು 'ಜೈಬ್' ಎಂದು ಓದಿದರು. ಆ ಶಬ್ದಕ್ಕೆ ಉಡುಪಿನ ಮಡಿಕೆಯೆಂಬ ಅರ್ಥವಿದ್ದುದರಿಂದ ಲ್ಯಾಟಿನ್ ಭಾಷೆಗೆ ಅನುವಾದಿಸಿದವರು 'ಸೈನಸ್' ಎಂದು ಬರೆದರು. ಇಂದು ತ್ರಿಕೋನಮಿತಿಯಲ್ಲಿ 'ಸೈನ್' ಎಂದು ಕರೆಯುವುದು ನಮ್ಮ ಬಿಲ್ಲಿನ ಹೆದೆಯನ್ನೇ!

ವಿದ್ಯಾರ್ಥಿಗಳನ್ನು ಹೆಚ್ಚಾಗಿ ಗೊಂದಲಕ್ಕೀಡುಮಾಡುವ ಮಾತು 'ಸಮ'. ಸಮರೂಪ ತ್ರಿಭುಜಗಳು ಒಂದೇ ಆಕಾರದವು; ಅವುಗಳ ಗಾತ್ರ ಬೇರೆಯಾಗಿರಬಹುದು. ಚಿಕ್ಕ ಭಾವಚಿತ್ರ ಮತ್ತು ಅದನ್ನೇ ಹಿಗ್ಗಿಸಿದ ದೊಡ್ಡ ಚಿತ್ರ ಇವು ಸಮರೂಪಕ್ಕೆ ನಿದರ್ಶನ. ಸರ್ವಸಮ ತ್ರಿಭುಜಗಳಲ್ಲಿಯಾದರೋ ಆಕಾರ, ಗಾತ್ರಗಳೆರಡೂ ಒಂದೇ. ಒಂದನ್ನು ಇನ್ನೊಂದರ ಮೇಲಿಟ್ಟರೆ ಪೂರ್ಣವಾಗಿ ಹೊಂದಿಕೊಳ್ಳುತ್ತವೆ. ಸರ್ವಸಮವಾದ ತ್ರಿಭುಜಗಳ ವಿಸ್ತೀರ್ಣಗಳು ಸಮ. ಹಾಗೆಂದು ವಿಸ್ತೀರ್ಣಗಳು ಸಮನಾದ ತ್ರಿಭುಜಗಳೆಲ್ಲವೂ ಸರ್ವಸಮವೆ? ಅಲ್ಲ. ಪಾದ 8, ಎತ್ತರ 3 ಇರುವ ತ್ರಿಭುಜದ ವಿಸ್ತೀರ್ಣ 12. ಪಾದ 6, ಎತ್ತರ 4 ಇರುವುದರದೂ 12. ಆದರೆ ಅವೆರಡೂ ಒಂದರ ಮೇಲೊಂದು ಹೊಂದಲೇಬೇಕೆಂದಿಲ್ಲ. ಹೀಗೆ ತಿರುಗಿಸಿ ಹೇಳಿದ ಮಾತಿಗೆ 'ವಿಲೋಮ'ವೆಂದು ಹೆಸರು. ಮೂಲವು ಸತ್ಯವಾದಮಾತ್ರಕ್ಕೆ ವಿಲೋಮವೂ ಸತ್ಯವಾಗಬೇಕಿಲ್ಲ. ಗಣಿತವು ಕಲಿಸುವ ಈ ಎಚ್ಚರವು ಲೋಕವ್ಯವಹಾರದಲ್ಲಿಯೂ ಬೇಕಾದುದೇ.

ಕೆಲವೆಡೆ ವಿಲೋಮವೂ ಸತ್ಯವಾಗುತ್ತದೆ. ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗವು ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ. ಯಜ್ಞವೇದಿಕೆಗಳ ರಚನೆಯನ್ನು ತಿಳಿಸುವ ಶುಲ್ಬಸೂತ್ರಗಳಲ್ಲಿ ಈ ತತ್ತ್ವವಿದೆ. ಶುಲ್ಬವೆಂದರೆ ಅಳೆಯುವ ಹಗ್ಗ. ಮನೆ ಕಟ್ಟುವವರು ಪಾಯದ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತಿಸಿ, ಆ ಗುರುತುಗಳ ನಡುವೆ 5 ಅಡಿಯಿದ್ದರೆ ಮೂಲೆ ಸರಿಯಾಗಿದೆಯೆಂದು ನಿರ್ಧರಿಸುತ್ತಾರೆ. ಅವರು ಬಳಸುವುದು ಈ ಪ್ರಮೇಯದ ವಿಲೋಮವನ್ನೇ.

ಇನ್ನು ಬೀಜಗಣಿತ. ಬೀಜದಲ್ಲಿ ಮರವು ಅಡಗಿರುವಂತೆ ಅಕ್ಷರದಲ್ಲಿ ಸಂಖ್ಯೆಯು ಅಡಗಿರುತ್ತದೆ ಎಂದು ಭಾವಿಸಿದರೆ ಈ ಹೆಸರು ಮನಸ್ಸಿನಲ್ಲಿ ನಿಲ್ಲುತ್ತದೆ. ಬ್ರಹ್ಮಗುಪ್ತನು 628ರಲ್ಲಿ ಧನ, ಋಣ ಸಂಖ್ಯೆಗಳ ನಿಯಮಗಳನ್ನು ಹೇಳಿದನು. ಧನವೆಂದರೆ ಸಂಪತ್ತು, ಋಣವೆಂದರೆ ಸಾಲ. ಐದು ರೂಪಾಯಿ ಇರುವವನಿಗೆ ಎಂಟು ರೂಪಾಯಿ ಸಾಲವಿದ್ದರೆ ಅವನ ನಿಜಸ್ಥಿತಿ ಮೂರು ರೂಪಾಯಿ ಋಣ. ತಿಳಿಯದ ಸಂಖ್ಯೆಯನ್ನು ನಮ್ಮ ಪ್ರಾಚೀನರು 'ಯಾವತ್ತಾವತ್' ಎಂದು ಕರೆದು, 'ಯಾ' ಎಂದು ಚಿಕ್ಕದಾಗಿ ಬರೆಯುತ್ತಿದ್ದರು. ಎಷ್ಟಿದೆಯೋ ಅಷ್ಟು ಎಂಬುದು ಅದರ ಅರ್ಥ.

ಯಾ + 5 = 12 ಎಂಬುದು ಒಂದು ಸಮೀಕರಣ. ಇದನ್ನು ತಕ್ಕಡಿಗೆ ಹೋಲಿಸಬಹುದು. ಎರಡು ತಟ್ಟೆಗಳಿಂದಲೂ 5ನ್ನು ತೆಗೆದರೆ ತೂಕ ತಪ್ಪದು; ಯಾ = 7 ಎಂದಾಗುತ್ತದೆ. 'ಪಕ್ಷ ಬದಲಾದರೆ ಚಿಹ್ನೆ ಬದಲು' ಎಂದು ಬಾಯಿಪಾಠ ಮಾಡುವ ಸೂತ್ರದ ಒಳಗುಟ್ಟು ಇಷ್ಟೆ. 9ನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯು ಋಣಪದವನ್ನು ಇನ್ನೊಂದು ಪಕ್ಷಕ್ಕೆ ಸೇರಿಸಿ ಸರಿಪಡಿಸುವ ಕ್ರಮವನ್ನು 'ಅಲ್ ಜಬ್ರ್' ಎಂದು ಕರೆದನು. 'ಆಲ್ಜೀಬ್ರ' ಎಂಬ ಹೆಸರು ಹುಟ್ಟಿದುದು ಅದರಿಂದ.

ಮೇಲಿನ ಸಮೀಕರಣವು ಯಾ 7 ಆದಾಗ ಮಾತ್ರ ನಿಜ. ಆದರೆ (ಅ + ಬ)² = ಅ² + 2ಅಬ + ಬ² ಎಂಬುದು ಯಾವ ಸಂಖ್ಯೆಗಳಿಗಾದರೂ ನಿಜ; ಆದುದರಿಂದ ಇದು 'ನಿತ್ಯಸಮೀಕರಣ'. ಇಲ್ಲಿ ನಡುವಿನ 2ಅಬ ಎಂಬ ಪದವನ್ನು ಮರೆಯುವವರೇ ಹೆಚ್ಚು. 'ವರ್ಗ' ಎಂಬ ಮಾತಿನ ಮೂಲವನ್ನು ನೆನೆದರೆ ಈ ಮರೆವು ಬಾರದು. ಬಾಹು 5 ಇರುವ ಒಂದು ಚೌಕವನ್ನು ಬರೆದು, ಅಡ್ಡಲಾಗಿಯೂ ಉದ್ದವಾಗಿಯೂ 3 ಮತ್ತು 2 ಎಂದು ವಿಭಾಗಿಸಿದರೆ 9 ಮತ್ತು 4ರ ಎರಡು ಚೌಕಗಳಲ್ಲದೆ 6, 6ರ ಎರಡು ಆಯತಗಳೂ ದೊರೆಯುತ್ತವೆ. ನಾಲ್ಕನ್ನೂ ಕೂಡಿದರೆ 25. ಮರೆತುಹೋಗುತ್ತಿದ್ದ 2ಅಬ ಎಂಬುದು ಆ ಎರಡು ಆಯತಗಳೇ. ರೇಖಾಗಣಿತವೂ ಬೀಜಗಣಿತವೂ ಒಂದೇ ಸತ್ಯವನ್ನು ಎರಡು ರೀತಿಯಲ್ಲಿ ನುಡಿಯುತ್ತವೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಗಣಿತದ ಮಾತು ಕನ್ನಡಕ್ಕೆ ಹೊಸದಲ್ಲ. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿದನು. ಹೊಸ ಪಾಠವನ್ನು ತೆರೆದಾಗ ಲೆಕ್ಕಕ್ಕೆ ಕೈಹಾಕುವ ಮುನ್ನ ಅಲ್ಲಿರುವ ಪ್ರತಿಯೊಂದು ಶಬ್ದವನ್ನೂ ಕೇಳಬೇಕು: ಇದರ ಅರ್ಥವೇನು? ಇದರ ಚಿತ್ರವೇನು? ಇದಲ್ಲದುದು ಯಾವುದು? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅಂಜಿಕೆ ತಾನಾಗಿಯೇ ದೂರವಾಗುತ್ತದೆ. ಮಾತು ತಿಳಿದವನಿಗೆ ಗಣಿತವು ಪರದೇಶವಲ್ಲ, ತನ್ನ ಮನೆಯಂಗಳ.