ಎರಡನೇ ಪ್ರೊಸೆಸರ್ ಮೇಲೆ ಅಪವಾದ

ಎರಡು ಪೆಂಟಿಯಂಗಳ ಹಳೆಯ ಸರ್ವರ್ ಗುಜರಿ ಬೆಲೆಗೆ ಸಿಕ್ಕಿತೆಂದು ಮನೆಗೆ ತಂದು ಲಿನಕ್ಸ್ ಹಾಕಹೊರಟವರಿಗೆ ಒಂದು ಅನುಭವ ಕಟ್ಟಿಟ್ಟದ್ದು. ಕರ್ನಲ್ ಪರದೆಯ ಮೇಲೆ ಒಂದಷ್ಟು ಸಾಲು ಉಗುಳಿ ಅಲ್ಲೇ ನಿಂತುಬಿಡುತ್ತದೆ. ಬೂಟ್ ಸಾಲಿಗೆ ‘ನೋಎಸ್‌ಎಂಪಿ’ ಸೇರಿಸಿದರೆ ಸಲೀಸಾಗಿ ಏಳುತ್ತದೆ. ಅಲ್ಲಿಗೆ ತೀರ್ಪು ಬಂತು: ಎರಡನೇ ಪ್ರೊಸೆಸರ್ ಸತ್ತಿದೆ!

ಅವಸರದ ತೀರ್ಪು. ಆ ಒಂದು ಪದ ಎರಡನೇ ಪ್ರೊಸೆಸರನ್ನು ಕೈಬಿಡುವುದರ ಜೊತೆಗೆ ಐಒ-ಏಪಿಕ್ ಎಂಬ ಚಿಪ್ಪನ್ನೂ ಬದಿಗಿಡುತ್ತದೆ. ಅಪರಾಧ ಇಬ್ಬರಲ್ಲಿ ಯಾರದು?

ಮದುವೆಮನೆಯಲ್ಲಿ ಒಬ್ಬರೇ ಭಟ್ಟರಿದ್ದರೆ ಪಂಕ್ತಿಯ ಕೂಗೆಲ್ಲ ಅವರಿಗೇ. ಇಬ್ಬರಾದರೆ ಕೂಗು ಹಂಚಲು ಒಬ್ಬ ಉಸ್ತುವಾರಿ ಬೇಕು; ಯಾವ ಪಂಕ್ತಿಯ ಕೂಗು ಯಾವ ಬಾಗಿಲಿಂದ ಬರುತ್ತದೆಂಬ ಚೀಟಿ ಅವನ ಕೈಲಿರಬೇಕು. ಡಿಸ್ಕ್, ಕೀಬೋರ್ಡ್, ಟೈಮರ್‌ಗಳ ಇಂಟರಪ್ಟ್‌ಗಳೇ ಆ ಕೂಗು, ಐಒ-ಏಪಿಕ್ ಉಸ್ತುವಾರಿ, ಚೀಟಿ ಬರೆದುಕೊಡುವುದು ಬಯೋಸ್. ಚೀಟಿಯಲ್ಲಿ ಬಾಗಿಲೆಂದು ಬರೆದ ಕಡೆ ಗೋಡೆಯಿದ್ದರೆ ‘ಸಾರು, ಸಾರು’ ಎಂದು ಎಷ್ಟು ಕೂಗಿದರೂ ಒಳಗೆ ಕೇಳಿಸದು. ಭಟ್ಟರಿಬ್ಬರೂ ಗಟ್ಟಿಮುಟ್ಟಾಗಿಯೇ ಇದ್ದಾರೆ, ಊಟ ಮಾತ್ರ ನಿಂತಿದೆ. 8254 ಟೈಮರ್ ಐಒ-ಏಪಿಕ್‌ಗೆ ಜೋಡಣೆಯಾಗಿಲ್ಲ, ಇದು ಬಯೋಸ್ ದೋಷ ಎಂದು ಲಿನಕ್ಸ್ ಎಷ್ಟೋ ಯಂತ್ರಗಳಲ್ಲಿ ನೇರವಾಗಿ ದೂರಿದ್ದೂ ಉಂಟು.

ಈ ಚೀಟಿಗೊಂದು ಚರಿತ್ರೆಯಿದೆ. 1989ರಲ್ಲಿ ಕಾಂಪ್ಯಾಕ್ ಸಿಸ್ಟಂಪ್ರೊ ಬಂದಾಗ ಪೀಸಿ ವಂಶದ ಬಹುಪ್ರೊಸೆಸರ್ ಯಂತ್ರಗಳಿಗೆ ಸಾಮಾನ್ಯ ನಿಯಮವೇ ಇರಲಿಲ್ಲ. ಇಂಟೆಲ್ 1994ರಲ್ಲಿ ಎಂಪಿಎಸ್ 1.1 ನಿಯಮಾವಳಿ ತಂದಿತು, 1995ರಲ್ಲಿ 1.4. ಹಳೆಯ ಬಯೋಸ್‌ಗಳಲ್ಲಿ ಇವೆರಡರ ನಡುವೆ ಆರಿಸುವ ಸಾಲು ಇಂದಿಗೂ ಕಾಣುತ್ತದೆ. ಬಳಿಕ, 1996ರ ಡಿಸೆಂಬರಿನಲ್ಲಿ, ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ಇನ್ನೊಂದು ನಿಯಮಾವಳಿ ಹೊರತಂದವು. ಹೀಗಾಗಿ ಆ ಸಂಧಿಕಾಲದ ಬೋರ್ಡುಗಳಲ್ಲಿ ಎರಡೆರಡು ಚೀಟಿ. ಎರಡೂ ತಾಳೆಯಾಗುತ್ತವೆಂಬ ಖಾತ್ರಿಯಿಲ್ಲ. ಲಿನಕ್ಸ್ ಕೂಡ ಆಗ ಎಳೆಗೂಸು. ಕಾಲ್ಡೆರಾ ಕಂಪನಿ ಕೊಡಿಸಿದ ಜೋಡಿ ಪೆಂಟಿಯಂ ಯಂತ್ರದಲ್ಲಿ ಅಲನ್ ಕಾಕ್ಸ್ ದುಡಿದು, 1996ರ 2.0 ಆವೃತ್ತಿಗೆ ಬಹುಪ್ರೊಸೆಸರ್ ಬೆಂಬಲ ಬಂತು. ಕರ್ನಲ್ ಒಳಗೆ ಒಮ್ಮೆಗೆ ಒಂದೇ ಪ್ರೊಸೆಸರ್ ಎಂಬ ಆಗಿನ ದೊಡ್ಡ ಬೀಗದ ಕೊನೆಯ ತುಣುಕು ಹೋದದ್ದು 2011ರಲ್ಲಿ!

ಪರೀಕ್ಷೆಗೆ ಬರೋಣ. ‘ಮ್ಯಾಕ್ಸ್‌ಸಿಪಿಯುಸ್=1’ ಎಂದು ಕೊಟ್ಟರೆ ಪ್ರೊಸೆಸರ್ ಒಂದೇ, ಆದರೆ ಉಸ್ತುವಾರಿ ಕೆಲಸದಲ್ಲಿರುತ್ತಾನೆ. ಈಗಲೂ ಯಂತ್ರ ನಿಂತರೆ ಎರಡನೇ ಪ್ರೊಸೆಸರನ್ನು ದೂರುವಂತಿಲ್ಲ. ಆಗ ‘ನೋಏಪಿಕ್’: ಪ್ರೊಸೆಸರ್ ಎರಡೂ ಇರುತ್ತವೆ, ಇಂಟರಪ್ಟ್‌ಗಳು ಮಾತ್ರ ಹಳೆಯ 8259 ಚಿಪ್ಪಿನ ದಾರಿ ಹಿಡಿಯುತ್ತವೆ. ಇದು ನಡೆದರೆ ಕಳ್ಳ ಚೀಟಿಯಲ್ಲೇ ಇದ್ದಾನೆ. ‘ಎಸಿಪಿಐ=ಆಫ್’ ಎಂದರೆ ಇನ್ನೊಂದು ಚೀಟಿಯ ಸರದಿ. ಬಯೋಸ್‌ನ ಹೊಸ ಆವೃತ್ತಿ ಸಿಕ್ಕರಂತೂ ಮೊದಲು ಅದನ್ನೇ ಹಾಕುವುದು ಜಾಣತನ.

ವಿಂಡೋಸ್ 2000 ಸೆಟಪ್‌ನಲ್ಲಿ ಶುರುವಿಗೇ ಎಫ್5 ಒತ್ತಿ ‘ಸ್ಟ್ಯಾಂಡರ್ಡ್ ಪಿಸಿ’ ಆರಿಸುವ ಉಪಾಯವೊಂದಿದೆ. ಕೆಲಸವೇನೋ ಮುಗಿಯುತ್ತದೆ, ಆದರೆ ಎರಡನೇ ಪ್ರೊಸೆಸರ್ ಲೆಕ್ಕಕ್ಕಿಲ್ಲ. ಸರ್ವರ್ ತಂದದ್ದಾದರೂ ಏತಕ್ಕೆ?

‘ಮ್ಯಾಕ್ಸ್‌ಸಿಪಿಯುಸ್=1’ ಕೊಟ್ಟಾಗ ಓಡಿ ಎರಡು ಪ್ರೊಸೆಸರ್‌ಗೆ ಮಾತ್ರ ನಿಂತರೆ, ಆಗ ಮುಚ್ಚಳ ಬಿಚ್ಚಬಹುದು. ಆಗಲೂ ಮೊದಲು ನೋಡಬೇಕಾದದ್ದು ಎರಡೂ ಒಂದೇ ಸ್ಟೆಪ್ಪಿಂಗಿನವೇ, ಅಂದರೆ ಚಿಪ್ಪಿನ ಒಂದೇ ಪರಿಷ್ಕರಣೆಯವೇ ಎಂಬುದನ್ನು, ಮತ್ತು ಎರಡನೆಯದಕ್ಕೆ ಕರೆಂಟ್ ಒದಗಿಸುವ ಪುಟ್ಟ ವೋಲ್ಟೇಜ್ ಬೋರ್ಡನ್ನು. ಎಷ್ಟೋ ಸರ್ವರ್‌ಗಳಲ್ಲಿ ಅದು ಬೇರೆಯೇ ಬಿಡಿಭಾಗ.